ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ

(ಶಿಕಾರಿಪುರದಲ್ಲಿಯೂ ಸೊರಬದಲ್ಲಿಯೂ ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಗಳಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ತೆರಿಗೆಯ ಮಾತು, ಲೈಸೆನ್ಸಿನ ಮಾತು ಆಡುವವರು ಇಂದು ಕಲ್ಲು ಕೆತ್ತುವವರ ಮಾತನ್ನು ಏಕೆ ತಂದರು ಎಂದು ನಿಮ್ಮಲ್ಲಿ ಕೆಲವರು ಆಲೋಚಿಸುತ್ತಿರಬಹುದು. ಇದೂ ಕೆಲಸಗಾರರ ಮಾತೇ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಕೆಲಸ ಹೇಗೆ ಹೋಗುತ್ತದೆ, ಹೋದ ಮೇಲೆ ಕಲಿತವನು ಕಲಿಸಿದವನನ್ನು ದಾಟಿ ಮುಂದೆ ಹೋದರೆ ಇಬ್ಬರ ಗತಿ ಏನು, ಎಂಬುದು ಇವತ್ತಿನ ವಿಷಯ. ಇದು ಅಕ್ಕಿ ಗಿರಣಿಯಲ್ಲಿ ಉಂಟು, ಮರದ ಮಿಲ್ಲಿನಲ್ಲಿ ಉಂಟು, ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೂ ಉಂಟು.

ಈ ವಿಷಯದಲ್ಲಿ ನಮ್ಮ ಜನ ಹೇಳಿಕೊಂಡು ಬಂದ ಕಥೆಗಳು ಮುಖ್ಯವಾಗಿ ಎರಡು. ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ದ್ರೋಣ ಪಾಠ ಹೇಳಲಿಲ್ಲ, ಬೇಡರ ಹುಡುಗ ಮಣ್ಣಿನ ದ್ರೋಣನನ್ನು ಮಾಡಿಟ್ಟುಕೊಂಡು ತಾನೇ ಕಲಿತ, ಅರ್ಜುನನಿಗಿಂತ ಮೇಲಾದ. ಆಗ ಬಂದ ದ್ರೋಣಾಚಾರ್ಯ ಗುರುದಕ್ಷಿಣೆ ಎಂದು ಬಲಗೈ ಹೆಬ್ಬೆರಳನ್ನು ಕೇಳಿ ತೆಗೆದುಕೊಂಡು ಹೋದ. ಕಲಿಸದೆ ಹೋದವನಿಗೆ ದಕ್ಷಿಣೆ ಕೇಳಲು ಮಾತ್ರ ಮರೆಯಲಿಲ್ಲ!

ಎರಡನೆಯದು ಜಕಣಾಚಾರಿಯದು. ಬೇಲೂರಿನಲ್ಲಿ ಆತ ಕೇಶವನ ಮೂರ್ತಿ ಮಾಡಿ ನಿಲ್ಲಿಸಿದ್ದ. ಎಲ್ಲಿಂದಲೋ ಬಂದ ಹುಡುಗನೊಬ್ಬ ಈ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣ ಪಣ ಕಟ್ಟಿದ. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜತೆಗೊಂದು ಕಪ್ಪೆ. ಜಕಣ ಕೈ ಕಡಿದುಕೊಂಡ. ಆಮೇಲೆ ತಿಳಿದದ್ದು, ಆ ಹುಡುಗ ಅವನ ಮಗ ಡಂಕಣ ಎಂದು. ತುಮಕೂರಿನ ಹತ್ತಿರದ ಕೈದಾಳದಲ್ಲಿ ದೇವರ ದಯೆಯಿಂದ ಕೈ ಮತ್ತೆ ಬಂತಂತೆ, ಅದಕ್ಕೇ ಊರಿಗೆ ಆ ಹೆಸರಂತೆ.

ಈ ಎರಡು ಕಥೆಗಳನ್ನು ಪಕ್ಕ ಪಕ್ಕದಲ್ಲಿ ಇಟ್ಟು ನೋಡಿ. ಒಂದರಲ್ಲಿ ಶಿಷ್ಯನ ಹೆಬ್ಬೆರಳು ಹೋಯಿತು, ಇನ್ನೊಂದರಲ್ಲಿ ಗುರುವಿನ ಕೈಯೇ ಹೋಯಿತು. ಯಾರು ಗೆದ್ದರೂ ಕಡಿದುಹೋಗುವುದು ದುಡಿಯುವ ಕೈ. ಕಥೆ ಕಟ್ಟಿದವರ ಮನಸ್ಸಿನಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಕುಳಿತಿದೆ: ಒಂದು ಕಸುಬಿನಲ್ಲಿ ಇಬ್ಬರು ಬಲ್ಲವರಿಗೆ ಜಾಗವಿಲ್ಲ ಎಂಬ ಲೆಕ್ಕ.

ಆ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಅಕ್ಕಿ ಗಿರಣಿಯಲ್ಲಿ ಭತ್ತ ಸುಲಿಯುವ ರಬ್ಬರ್ ರೋಲರುಗಳಿವೆಯಲ್ಲ, ಅವುಗಳ ನಡುವಿನ ಅಂತರ ಕೂದಲೆಳೆಯಷ್ಟು ಬಿಗಿಯಾದರೆ ನುಚ್ಚು ಹೆಚ್ಚು, ಅಷ್ಟೇ ಸಡಿಲವಾದರೆ ಭತ್ತ ಭತ್ತವಾಗಿಯೇ ಹೊರಬರುತ್ತದೆ. ಹಳೆಯ ಮೇಸ್ತ್ರಿ ಬೀಳುತ್ತಿರುವ ಅಕ್ಕಿಯನ್ನು ಅಂಗೈಗೆ ಹಿಡಿದು, ಯಂತ್ರದ ಸದ್ದಿಗೆ ಕಿವಿ ಕೊಟ್ಟು, ಚಕ್ರವನ್ನು ಇಷ್ಟೇ ಇಷ್ಟು ತಿರುಗಿಸುತ್ತಾನೆ. ತಿರುಗಿಸುವಾಗ ಕೆಲವರು ಹುಡುಗರಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಮೂರು ವರ್ಷ ಸ್ಪ್ಯಾನರ್ ಹಿಡಿದುಕೊಂಡು ನಿಂತ ಹುಡುಗನಿಗೆ ಆ ಒಂದು ತಿರುವು ಕಾಣುವುದಿಲ್ಲ. ಮೇಸ್ತ್ರಿ ಕೆಟ್ಟವನೆಂದು ನಾವು ಹೇಳುವುದಿಲ್ಲ. ಹುಡುಗ ಕಲಿತ ಮಾರನೆಯ ದಿನ ಮಾಲೀಕ ಏನು ಮಾಡುತ್ತಾನೆ? ಅರ್ಧ ಸಂಬಳಕ್ಕೆ ಹುಡುಗನನ್ನು ಇಟ್ಟುಕೊಂಡು ಮುದುಕನಿಗೆ ಕೈ ಮುಗಿಯುತ್ತಾನೆ. ಅಲ್ಲಿಗೆ ಜಕಣನ ಕೈ ಹೋದಂತೆಯೇ ಆಯಿತು. ಹೊಟ್ಟೆಯ ಭಯವಿರುವ ಕಡೆ ವಿದ್ಯೆ ಬೆನ್ನು ತಿರುಗಿಸಿಯೇ ನಿಲ್ಲುತ್ತದೆ.

ಇಷ್ಟಕ್ಕೆ ಬಿಟ್ಟರೆ ಮಾತು ಮುಗಿಯಿತು. ಆದರೆ ಇದೇ ಬೇಲೂರಿನಲ್ಲಿ, ಇದೇ ದೇವಸ್ಥಾನದಲ್ಲಿ, ಒಬ್ಬ ತಂದೆ ಮತ್ತು ಒಬ್ಬ ಮಗನ ವಿಷಯ ಕಲ್ಲಿನ ಮೇಲೆ ಅಕ್ಷರದಲ್ಲಿ ಇದೆ. ಅದು ಕಥೆಯಲ್ಲ, ರುಜು. ಆ ಇಬ್ಬರೂ ನಮ್ಮ ಶಿಕಾರಿಪುರ ತಾಲ್ಲೂಕಿನವರು. ಜಕಣಾಚಾರಿಯ ಹೆಸರು ಬೇಲೂರಿನ ಯಾವ ಶಾಸನದಲ್ಲಿಯೂ ಇಲ್ಲ. ಇವರ ಹೆಸರು ಇದೆ. ನಾಡಿಗೆಲ್ಲ ಜಕಣ ಗೊತ್ತು, ಬಳ್ಳಿಗಾವಿಯವರಿಗೇ ದಾಸೋಜ ಗೊತ್ತಿಲ್ಲ. ಇದಕ್ಕೆ ಏನು ಹೇಳೋಣ!

ವಿಷಯ ಹೀಗಿದೆ. ಹೊಯ್ಸಳ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಆಗ ಆತನಿನ್ನೂ ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಅರಸು. ಹಿಂದಿನ ವರ್ಷ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ದೊಡ್ಡದಾಗಿ ಏನಾದರೂ ಕಟ್ಟಬೇಕೆಂಬ ಹಟ ಬಂದಿತ್ತು. ದುಡ್ಡಿತ್ತು, ಕಲ್ಲಿತ್ತು, ಅಷ್ಟು ದೊಡ್ಡ ಕೆಲಸಕ್ಕೆ ಪಳಗಿದ ಕೈಗಳು ಮಾತ್ರ ಹೊರಗಿನಿಂದ ಬರಬೇಕಾಯಿತು. ಬಳ್ಳಿಗಾವಿಯಿಂದ ಬಂದರು, ಗದಗಿನಿಂದ ಬಂದರು, ಅಂದು ಲೊಕ್ಕಿಗುಂಡಿ ಎನ್ನಿಸಿಕೊಂಡಿದ್ದ ಲಕ್ಕುಂಡಿಯಿಂದ ಬಂದರು. ಇವೆಲ್ಲ ಚಾಲುಕ್ಯರ ಸೀಮೆಯ ಊರುಗಳು. ಬಳ್ಳಿಗಾವಿಯಿಂದ ಬೇಲೂರಿಗೆ ಸುಮಾರು 200 ಕಿಲೋಮೀಟರು. ಎತ್ತಿನ ಗಾಡಿಯಲ್ಲಿ ಉಳಿ ಸುತ್ತಿಗೆ ಹೇರಿಕೊಂಡು, ಹೊಳೆ ದಾಟಿ, ಕಾಡು ದಾಟಿ ಹೋಗಬೇಕು. ಇಂದು ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವಂತೆ ಅಂದು ದಾಸೋಜ ಬೇಲೂರಿನ ದಾರಿ ಹಿಡಿದ. ಜತೆಯಲ್ಲಿ ಮಗ ಚಾವಣ.

ದೇವಾಲಯದ ಹೊರಗೆ ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿರುವ ಹೆಣ್ಣು ಪ್ರತಿಮೆಗಳಿವೆ. ಮದನಿಕೆಯರೆಂದು ಜನ ಕರೆಯುತ್ತಾರೆ, ಕ್ಯಾಲೆಂಡರುಗಳಲ್ಲಿ ನೀವು ನೋಡಿದ್ದೀರಿ. ಹೊರಗೆ ಈಗ 38 ಇವೆ, ಒಳಗೆ ನವರಂಗದ ಮೇಲ್ಗಡೆ 4. ಕನ್ನಡಿ ನೋಡಿಕೊಳ್ಳುವವಳು, ಗಿಣಿ ಹಿಡಿದವಳು, ಬೇಟೆಗೆ ಹೊರಟವಳು, ಮದ್ದಳೆ ಬಾರಿಸುವವಳು, ಸೀರೆ ಎಳೆಯುವ ಮಂಗನನ್ನು ಗದರಿಸುವವಳು. ಒಂದು ಕಡೆ ತಲೆಯ ಮೇಲಿನ ಬಳ್ಳಿಯಲ್ಲಿ ಹಲಸಿನ ಹಣ್ಣು, ಅದರ ಮೇಲೆ ನೊಣ, ನೊಣದ ಹಿಂದೆ ಹಲ್ಲಿ, ಇಷ್ಟೂ ಕಲ್ಲಿನಲ್ಲಿ. ಇವುಗಳ ಪೈಕಿ ಕೆಲವುಗಳ ಕಾಲಡಿಯ ಪಟ್ಟಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಮಾಡಿದವರ ಹೆಸರು ಕೊರೆದಿದೆ. ಅವುಗಳನ್ನು ಓದಿದವರು ಹೇಳುವಂತೆ ದಾಸೋಜನ ಕೈಯವು ನಾಲ್ಕು, ಚಾವಣನವು ಐದು. ಮಗ ಒಂದು ಹೆಚ್ಚು ಮಾಡಿದ. ಯಾರ ಕೈಯೂ ಕಡಿಯಲಿಲ್ಲ.

ಅವರು ಏನು ಕಲಿತು ಹೋಗಿದ್ದರು ಎಂಬುದನ್ನು ನೋಡಬೇಕಾದರೆ ಬೇಲೂರಿಗೆ ಹೋಗುವ ಮುಂಚೆ ಬಳ್ಳಿಗಾವಿಯನ್ನೇ ನೋಡಬೇಕು. ಅಂದು ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡನ ಕಂಬ ಇಂದಿಗೂ ನಿಂತಿದೆ. ಕೇದಾರೇಶ್ವರನ ಮೂರು ಗರ್ಭಗುಡಿಯ ದೇವಾಲಯವಿದೆ. ತ್ರಿಪುರಾಂತಕನ ಗುಡಿಯ ತಳಪಟ್ಟಿಯಲ್ಲಿ ಪಂಚತಂತ್ರದ ಕಥೆಗಳು ಸಾಲಾಗಿ ಕೆತ್ತಿವೆ. ಓದು ಬಾರದವನೂ ಬಗ್ಗಿ ನೋಡಿದರೆ ಕಥೆ ತಿಳಿಯುತ್ತದೆ. ಅದು ಪಾಠ ಹೇಳುವ ಊರಾಗಿತ್ತು. ಕೇದಾರೇಶ್ವರಕ್ಕೆ ಸೇರಿದ್ದ ಕೋಡಿಯ ಮಠದ ವಿಚಾರವಾಗಿ 1162ರ ಶಾಸನವೊಂದಿದೆ. ಅಲ್ಲಿ ಯಾವ ಯಾವ ವ್ಯಾಕರಣ, ಯಾವ ಯಾವ ದರ್ಶನ ಕಲಿಸುತ್ತಿದ್ದರು ಎಂಬ ಪಟ್ಟಿಯ ಜತೆಯಲ್ಲಿಯೇ ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಔಷಧ, ಹೆದರಿದವರಿಗೆ ಆಶ್ರಯ ಎಂದೂ ಬರೆದಿದೆ. ಇದು ದಾಸೋಜನಿಗಿಂತ ಒಂದು ತಲೆಮಾರು ಈಚಿನ ಶಾಸನ. ಆದರೂ ಊರಿನ ಸ್ವಭಾವ ತಿಳಿಯಲು ಸಾಕು. ಅನ್ನವೂ ವಿದ್ಯೆಯೂ ಒಂದೇ ಪಟ್ಟಿಯಲ್ಲಿ ಬರುವುದು ನಮಗೆ ಬಹಳ ಹಿಡಿಸಿದ ಸಂಗತಿ.

ಸೊರಬದವರು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಆನವಟ್ಟಿಯ ಹತ್ತಿರ ಕುಬಟೂರಿನ ಕೋಟಿಪುರದಲ್ಲಿ ಕೈಟಭೇಶ್ವರ ಗುಡಿ ಇದೆ. ಸುಮಾರು 1100ರ ಕಾಲದ್ದು. ಎಂದರೆ ದಾಸೋಜ ಕೆಲಸ ಮಾಡುತ್ತಿದ್ದ ಕಾಲಕ್ಕೇ ಸೇರಿದ್ದು. ಅದರ ತೆರೆದ ಮಂಟಪದಲ್ಲಿ ನಿಂತು ಕಂಬಗಳನ್ನು ಮುಟ್ಟಿ ನೋಡಿ. ಲೇತಿಗೆ ಕೊಟ್ಟು ತಿರುಗಿಸಿದ ಕಬ್ಬಿಣದ ಶಾಫ್ಟಿನಂತೆ ನುಣುಪು. ನಿಜಕ್ಕೂ ತಿರುಗಿಸಿಯೇ ಮಾಡಿದ್ದು. ಗಂಟೆಯ ಆಕಾರ, ಬಳೆಯಂಥ ಏಣು, ತಟ್ಟೆಯಂಥ ಅಂಚು, ಎಲ್ಲ ಒಂದೇ ಅಳತೆ. ಚಾಲುಕ್ಯರ ಕಾಲದ ಈ ಸೀಮೆಯ ಕೈ ಎಂದರೆ ಅದು: ಅಚ್ಚುಕಟ್ಟು, ಅಳತೆ, ಸಂಯಮ. ಗೋಡೆಯ ಮೇಲೆ ಬೊಂಬೆಗಳ ಗಲಾಟೆಯಿಲ್ಲ. ಬಾಗಿಲುವಾಡದ ಬಳ್ಳಿ, ಗೋಡೆಗೆ ಅಂಟಿದ ಪುಟ್ಟ ಪುಟ್ಟ ಗೋಪುರ, ಗೆರೆಯ ಮೇಲೆ ಗೆರೆ. ಶಿಲ್ಪವೆಂದರೆ ಗೋಡೆಯ ಸೇವೆ ಎಂಬಂತೆ.

ಈ ಕೈ ಬೇಲೂರಿಗೆ ಹೋಯಿತು. ಬೇಲೂರಿನ ಒಳಗಡೆ ಇಂದಿಗೂ ತಿರುಗಿಸಿದ ಕಂಬಗಳಿವೆ. ಬಳ್ಳಿಗಾವಿಯ ಪಾಠ ಅಲ್ಲಿ ಹಾಗೆಯೇ ಇದೆ. ಆದರೆ ಹೊರಗೆ ಬಂದು ನೋಡಿದರೆ ಬೇರೆ ಪ್ರಪಂಚ. ದೇವಾಲಯಕ್ಕೆ ಸುತ್ತಲೂ ಅಗಲವಾದ ಜಗತಿ, ಜನ ಅದರ ಮೇಲೆ ನಡೆದಾಡುತ್ತ ಗೋಡೆಯನ್ನು ಓದಬೇಕು ಎಂಬ ಏರ್ಪಾಡು. ಗೋಡೆಗೆ ಅಂಟಿಕೊಂಡಿದ್ದ ಬೊಂಬೆ ಗೋಡೆ ಬಿಟ್ಟು ಮುಂದೆ ಬಂದಿದೆ. ಬಾಗಿಲುವಾಡದಲ್ಲಿ ಅಲಂಕಾರವಾಗಿದ್ದ ಬಳ್ಳಿ ಮದನಿಕೆಯ ತಲೆಯ ಮೇಲೆ ಮರದಂತೆ ಚಾಚಿದೆ. ಎಲೆಯ ಹಿಂದೆ ಉಳಿ ತೂರಿಸಿ ಕಲ್ಲು ತೆಗೆದಿದ್ದಾರೆ, ಬೆಳಕು ಆಚೆಯಿಂದ ಬರುತ್ತದೆ. ಒಳಗಿನ ಒಂದು ಮದನಿಕೆಯ ಕೈಯ ಬಳೆಯನ್ನು ತಿರುಗಿಸಬಹುದು. ಸಂಯಮ ಕಲಿತಿದ್ದ ಕೈಗೆ ಯಾರೋ ‘ಹೂಂ, ಇನ್ನು ಬಿಡು’ ಎಂದಂತಿದೆ.

ಹಾಗೆಂದು ಆಕಾಶದಿಂದ ಇಳಿದದ್ದೇನೂ ಅಲ್ಲ. ಸೂರಿನ ಕೆಳಗೆ ಹೆಣ್ಣು ಪ್ರತಿಮೆಯನ್ನು ಓರೆಯಾಗಿ ಇಡುವ ಯೋಚನೆ ಚಾಲುಕ್ಯರ ಕೆಲಸದಲ್ಲಿಯೇ ಇತ್ತು. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ, ಹೂವಿನ ಹಡಗಲಿ ತಾಲ್ಲೂಕು, ಮಲ್ಲಿಕಾರ್ಜುನ ಗುಡಿಯ ಮೂಡಣ ಬಾಗಿಲಿಗೆ ಅಂಥ ನರ್ತಕಿಯರು ಇದ್ದಾರೆ, ಅದ್ಭುತವಾಗಿದ್ದಾರೆ. ಅಲ್ಲಿ ಅದು ಬಾಗಿಲಿನ ಒಂದು ಮೆರುಗು. ಅದನ್ನೇ ಎತ್ತಿಕೊಂಡು ಇಡೀ ದೇವಾಲಯದ ಸುತ್ತ ಒಂದು ಸಾಲು ಮಾಡಿ, ಪ್ರತಿಯೊಬ್ಬಳಿಗೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಮನಸ್ಸು ಕೊಟ್ಟದ್ದು ಬೇಲೂರು. ಗುರುವಿನ ಮನೆಯಲ್ಲಿ ಮೂಲೆಯಲ್ಲಿದ್ದ ವಸ್ತುವನ್ನು ಶಿಷ್ಯ ಅಂಗಳಕ್ಕೆ ತಂದ. ಮೀರುವುದು ಎಂದರೆ ಬಹಳ ಸಲ ಇಷ್ಟೇ. ಕಲಿಸಿದವನಲ್ಲಿಯೇ ಇರುತ್ತದೆ, ಅವನಿಗೆ ಅದು ಅಷ್ಟು ಮುಖ್ಯವಾಗಿರುವುದಿಲ್ಲ.

ಈಗ ರುಜುವಿನ ಮಾತಿಗೆ ಬರುತ್ತೇವೆ; ಇಡೀ ಭಾಷಣದಲ್ಲಿ ನಾವು ಹೇಳಬೇಕೆಂದಿರುವುದು ಇದನ್ನೇ. ಬೇಲೂರಿನ ರೂವಾರಿಗಳು ಸಂಕೋಚದ ಜನರಲ್ಲ. ರೂವಾರಿ ಎಂದರೆ ರೂಪ ಕೊಡುವವನು, ಶಿಲ್ಪಿ. ಒಬ್ಬ ತನ್ನನ್ನು ರೂವಾರಿಗಳಲ್ಲಿ ಹುಲಿ ಎಂದುಕೊಳ್ಳುತ್ತಾನೆ. ಬಿರುದು ಹೊತ್ತ ರೂವಾರಿಗಳೆಲ್ಲ ಮನ್ಮಥನಾದರೆ ಅವರನ್ನು ಸುಡುವ ಮಹೇಶ್ವರ ಎಂಬ ಬಿರುದೂ ಅಲ್ಲಿದೆ. ಕುಸ್ತಿ ಅಖಾಡದಲ್ಲಿ ತೊಡೆ ತಟ್ಟುವವರಂತೆ! ಅರಸನ ದೇವಸ್ಥಾನದಲ್ಲಿ, ಅರಸನ ಕಣ್ಣೆದುರಿಗೆ, ಕೆಲಸಗಾರ ತನ್ನ ಬಿರುದನ್ನು ತಾನೇ ಕೊರೆದುಕೊಂಡಿದ್ದಾನೆ. ಇಷ್ಟು ಜಂಬದ ನಡುವೆ ಚಾವಣ ತನ್ನ ಹೆಸರನ್ನು ಹೇಗೆ ಹಾಕುತ್ತಾನೆ? ದಾಸೋಜನ ಮಗ ಚಾವಣ ಎಂದು. ದಾಸೋಜ ಹೇಗೆ ಹಾಕುತ್ತಾನೆ? ಬಳ್ಳಿಗ್ರಾಮೆಯ ದಾಸೋಜ ಎಂದು. ತಂದೆ ತನ್ನ ಊರನ್ನು ಮುಂದಿಟ್ಟ, ಮಗ ತನ್ನ ತಂದೆಯನ್ನು ಮುಂದಿಟ್ಟ. ಕೊನೆಗೆ ತನ್ನದೇ ಹೆಸರು, ತನ್ನದೇ ಕೆಲಸದ ಕೆಳಗೆ. ಅಪ್ಪನ ಕೆಲಸದ ಕೆಳಗೆ ಮಗ ರುಜು ಹಾಕಲಿಲ್ಲ, ಮಗನ ಕೆಲಸವನ್ನು ಅಪ್ಪ ತನ್ನದೆಂದು ಬರೆಸಿಕೊಳ್ಳಲಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಇಂದಿಗೂ ಎಷ್ಟು ಮನೆಗಳಲ್ಲಿ, ಎಷ್ಟು ಅಂಗಡಿಗಳಲ್ಲಿ, ನಲವತ್ತು ವರ್ಷದ ಮಗ ದುಡಿದದ್ದಕ್ಕೆಲ್ಲ ಅಪ್ಪನ ಹೆಸರೇ ಬೋರ್ಡಿನ ಮೇಲಿರುತ್ತದೆ ಎಂಬುದನ್ನು ಎದುರಿಗೆ ಕುಳಿತಿರುವ ವರ್ತಕ ಮಿತ್ರರು ಯೋಚಿಸಬೇಕು. ನಗಬೇಡಿ, ನಿಮ್ಮನ್ನೇ ಹೇಳಿದ್ದು.

ಇನ್ನೊಂದು ಸಣ್ಣ ವಿಷಯ. ದಾಸೋಜ, ಮಲ್ಲೋಜ, ನಾಗೋಜ, ಹೀಗೆ ಈ ಹೆಸರುಗಳ ಕೊನೆಗೆ ಬರುವ ‘ಓಜ’ ಎಂಬ ಮಾತು ಉಪಾಧ್ಯಾಯ ಎಂಬುದರಿಂದ ಸವೆದು ಬಂದದ್ದು. ಓಜ ಎಂದರೆ ಕಲಿಸುವವನು. ಕಲ್ಲು ಕೆತ್ತುವವನಿಗೂ ಮೇಷ್ಟ್ರಿಗೂ ಕನ್ನಡ ಒಂದೇ ಹೆಸರು ಇಟ್ಟಿತ್ತು. ನಾವು ಪ್ರಾಥಮಿಕ ಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದವರು, ಆ ಮಟ್ಟಿಗೆ ನಾವೂ ಓಜರೇ. ಚಾವಣನ ಹೆಸರಿನಲ್ಲಿ ಮಾತ್ರ ಓಜ ಇಲ್ಲ. ಅದಕ್ಕೆ ಅರ್ಥ ಹಚ್ಚಲು ನಾವು ಹೋಗುವುದಿಲ್ಲ, ಕಣ್ಣಿಗೆ ಬಿದ್ದದ್ದರಿಂದ ಹೇಳಿದೆವು.

ಮೇಷ್ಟ್ರ ಮಾತು ಬಂದದ್ದರಿಂದ ಒಂದನ್ನು ಹೇಳಿಬಿಡುತ್ತೇವೆ. ಬೇಲೂರು, ಬಳ್ಳಿಗಾವಿ, ಕುಬಟೂರು ಎಲ್ಲ ಕಟ್ಟಿರುವುದು ಬಳಪದ ಕಲ್ಲಿನಲ್ಲಿ. ಸ್ಲೇಟಿನ ಮೇಲೆ ಮಗು ಬರೆಯುವ ಬಳಪವೂ ಅದೇ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ನಾವು ಸ್ಲೇಟಿನ ಮೇಲೆ ‘ಅ’ ಬರೆದು ಕೊಟ್ಟರೆ ಮಗು ಅದರ ಮೇಲೆಯೇ ಬಳಪ ಆಡಿಸಿ ತಿದ್ದುತ್ತದೆ. ಮೊದಮೊದಲು ಗೆರೆ ಬಿಟ್ಟು ಆಚೆ ಹೋದರೆ ಅಳಿಸಿ ಮತ್ತೆ ತಿದ್ದಿಸುತ್ತೇವೆ. ನೂರು ಸಲ ತಿದ್ದಿದ ಮೇಲೆ ಮೇಷ್ಟ್ರು ಬರೆದ ಗೆರೆ ಬೇಡವಾಗುತ್ತದೆ. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ನಲವತ್ತು ಮಕ್ಕಳಿಗೆ ನಲವತ್ತು ಬಗೆಯ ಕೈಬರಹ. ಕಲಿಸಿದ್ದು ಒಂದೇ ‘ಅ’. ಎಲ್ಲರದೂ ಮೇಷ್ಟ್ರ ಅಕ್ಷರದಂತೆಯೇ ಇರಬೇಕೆಂದು ಹೊಡೆಯುವ ಮೇಷ್ಟ್ರನ್ನೂ ನಾವು ಕಂಡಿದ್ದೇವೆ. ತಿದ್ದುವುದೇ ಬೇಡ, ಮಗು ತನಗೆ ಬಂದಂತೆ ಗೀಚಲಿ ಎನ್ನುವವರನ್ನೂ ಕಂಡಿದ್ದೇವೆ. ಅವರ ಮಕ್ಕಳಿಗೆ ಅಕ್ಷರವೇ ಬರುವುದಿಲ್ಲ. ತಿದ್ದುವ ಕಾಲ ಒಂದು, ಬಿಡುವ ಕಾಲ ಒಂದು. ಎಂದು ಬಿಡಬೇಕು ಎಂಬುದು ಯಾವ ಟ್ರೈನಿಂಗಿನಲ್ಲಿಯೂ ಹೇಳಿಕೊಡದ ವಿದ್ಯೆ.

ಚಾವಣನೇ ಕೊನೆ ಎಂದೂ ಅಲ್ಲ. ಅವನ ತರುವಾಯ ಒಂದು ನೂರ ಐವತ್ತು ವರ್ಷಗಳಲ್ಲಿ ಹೊಯ್ಸಳರ ಕೆಲಸ ಇನ್ನೊಂದು ತಿರುವು ತೆಗೆದುಕೊಂಡಿತು. ತರೀಕೆರೆ ಸೀಮೆಯ ಅಮೃತಾಪುರದಲ್ಲಿ 1196ರಲ್ಲಿ ಮಲ್ಲಿತಮ್ಮ ಎಂಬ ರೂವಾರಿಯ ಹೆಸರು ಕಾಣುತ್ತದೆ. ಅದೇ ಹೆಸರು 1268ರ ಸೋಮನಾಥಪುರದಲ್ಲಿ ಹತ್ತಾರು ಮೂರ್ತಿಗಳ ಕೆಳಗೆ ಇದೆ. ಕೆಲವು ಕಡೆ ಮಲ್ಲಿ ಎಂದಷ್ಟೇ, ಕೆಲವು ಕಡೆ ಬರೀ ‘ಮ’. ಬಿರುದಿಲ್ಲ, ಹುಲಿಯಿಲ್ಲ, ಮಹೇಶ್ವರನಿಲ್ಲ. ಒಂದಕ್ಷರ ಸಾಕು, ಗೊತ್ತಿರುವವರಿಗೆ ಗೊತ್ತು. ಸೋಮನಾಥಪುರದಲ್ಲಿ ಸೂರಿನ ಕೆಳಗೆ ಮದನಿಕೆಯರೂ ಇಲ್ಲ. ಬೇಲೂರಿನವರು ಯಾವುದನ್ನು ತಮ್ಮ ಹೆಮ್ಮೆ ಎಂದು ಮಾಡಿದ್ದರೋ ಅದನ್ನು ಇವರು ಕೈಬಿಟ್ಟು ಗೋಡೆಯ ಮೂರ್ತಿಗಳನ್ನೇ ಸಾಲು ಸಾಲಾಗಿ ತುಂಬಿದರು. ಅದು ಉತ್ತಮವೋ, ಇದು ಉತ್ತಮವೋ? ನಮ್ಮನ್ನು ಕೇಳಿದರೆ ಬೇಲೂರೇ ಮೇಲು ಎನ್ನುತ್ತೇವೆ. ಆದರೆ ಮಲ್ಲಿತಮ್ಮ ನಮ್ಮನ್ನು ಕೇಳಿ ಮಾಡಬೇಕಾಗಿರಲಿಲ್ಲ.

ಬಳ್ಳಿಗಾವಿಯ ಹೆಸರೆತ್ತಿ ಅಲ್ಲಮನನ್ನು ನೆನೆಯದೆ ಹೋದರೆ ನೀವು ಸುಮ್ಮನೆ ಬಿಡುವವರಲ್ಲ. ಹರಿಹರ ಹೇಳುವ ಕಥೆಯಲ್ಲಿ ಅಲ್ಲಮ ಮೊದಲು ಗುಡಿಯಲ್ಲಿ ಮದ್ದಳೆ ಬಾರಿಸುವ ಕಲಾವಿದ. ಹೆಂಡತಿ ಕಮಲತೆ ಜ್ವರದಿಂದ ಸತ್ತ ಮೇಲೆ ಹುಚ್ಚನಂತೆ ಅಲೆಯುತ್ತಿದ್ದವನಿಗೆ ನೆಲದಲ್ಲಿ ಹೂತುಹೋಗಿದ್ದ ಗುಡಿಯೊಂದು ಸಿಕ್ಕಿತು. ಒಳಗೆ ಅನಿಮಿಷಯ್ಯ ಕುಳಿತಿದ್ದ. ಆತ ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಲಿಂಗ ಅಲ್ಲಮನ ಕೈಗೆ ಬಂತು, ಗುರುವಿನ ಪ್ರಾಣ ಹೋಯಿತು. ಗುರು ಶಿಷ್ಯರ ಸಂಬಂಧ ಅಷ್ಟಕ್ಕೇ ಮುಗಿದದ್ದು, ಮುಂದಿನದೆಲ್ಲ ಅಲ್ಲಮನದೇ. ನಮ್ಮ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ಹೋದಾಗ ಇದೇ ಅಲ್ಲಮ ಅವಳನ್ನು ಬಾಗಿಲಲ್ಲಿಯೇ ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಅವಳು ಉತ್ತರ ಕೊಟ್ಟಳು, ಶರಣರಿಂದ ಒಪ್ಪಿಗೆ ಪಡೆದಳು, ಅಲ್ಲಿಯೇ ಉಳಿಯದೆ ಶ್ರೀಶೈಲದ ದಾರಿ ಹಿಡಿದಳು. ಅವನ ಅಂಕಿತ ಗುಹೇಶ್ವರ, ಅವಳದು ಚೆನ್ನಮಲ್ಲಿಕಾರ್ಜುನ. ವಚನದ ಕೊನೆಯ ಅಂಕಿತವೂ ಒಂದು ರುಜುವೇ ಅಲ್ಲವೇ? ಒಂದೇ ತಾಲ್ಲೂಕಿನ ಇಬ್ಬರು, ಎರಡು ರುಜು.

ಇಷ್ಟು ಹೊತ್ತು ಎಂಟು ನೂರು, ಒಂಬೈನೂರು ವರ್ಷಗಳ ಹಿಂದಿನ ಮಾತಾಯಿತು. ಈಗ ಸೊರಬದ ಬೀದಿಗೆ ಬರೋಣ. ಗುಡಿಗಾರರ ಮನೆಗಳು ಸೊರಬದಲ್ಲಿಯೂ ಸಾಗರದಲ್ಲಿಯೂ ಇವೆ. ಗಂಧದ ಮರದಲ್ಲಿ ಅವರ ಕೈ ಮಾಡುವ ಕೆಲಸ ಪ್ರಪಂಚಕ್ಕೆ ಗೊತ್ತು. ಬೆಂಡಿನ ಬಾಸಿಂಗ ಕಟ್ಟುವವರೂ ಅವರೇ. ನಮ್ಮ ಕಡೆಯ ಮದುವೆಗಳಲ್ಲಿ ಎಷ್ಟು ಹಣೆಗಳು ಅವರ ಕೆಲಸವನ್ನು ಹೊತ್ತಿವೆಯೋ. ಅಲ್ಲಿಯೂ ವಿದ್ಯೆ ತಂದೆಯಿಂದ ಮಗನಿಗೆ ಬಂದದ್ದು. ಪೆಟ್ಟಿಗೆಯ ಮೇಲಿನ ಬಳ್ಳಿಯನ್ನು ನೋಡಿದರೆ ಬಳ್ಳಿಗಾವಿಯ ಬಾಗಿಲುವಾಡ ನೆನಪಾಗುತ್ತದೆ. ಹಾಗಿದ್ದರೆ ಇಂದಿನ ಚಾವಣ ಎಲ್ಲಿ ಎಂದು ಕೇಳುವ ವಿದ್ಯಾವಂತರಿದ್ದಾರೆ. ಈ ಜನ ಅದೇ ಆನೆ, ಅದೇ ಗಣಪತಿ ಮಾಡುತ್ತಾರೆ, ಹೊಸದೇನೂ ಮಾಡುವುದಿಲ್ಲ ಎಂದು ಪೇಟೆಯಲ್ಲಿ ಕುಳಿತು ಮೂಗು ಮುರಿಯುತ್ತಾರೆ.

ಅಂಥವರಿಗೆ ನಾವು ಕೇಳುವ ಪ್ರಶ್ನೆ ಇದು: ಕಲಿಯುವ ಹುಡುಗನಿಗೆ ಕೆಡಿಸಲು ಒಂದು ತುಂಡು ಯಾರು ಕೊಟ್ಟಿದ್ದೀರಿ? ಕಲಿಯುವುದೆಂದರೆ ಕೆಡಿಸುವುದು. ಹೊಸದು ಮಾಡುವುದೆಂದರೆ ಇನ್ನೂ ಹೆಚ್ಚು ಕೆಡಿಸುವುದು. ಮಗು ನೂರು ಸಲ ಅಳಿಸಲು ಸ್ಲೇಟು ಇರಬೇಕು. ಚಾವಣನಿಗೆ ಬಳಪದ ಕಲ್ಲು ಬೇಕಾದಷ್ಟಿತ್ತು. ಒಂದು ಬಿರಿದರೆ ಇನ್ನೊಂದು. ಗಂಧದ ಕಥೆ ಹಾಗಲ್ಲ. 1792ರಲ್ಲಿ ಟಿಪ್ಪುಸುಲ್ತಾನ ಗಂಧವನ್ನು ರಾಜವೃಕ್ಷವೆಂದು ಸಾರಿದ. ಅಲ್ಲಿಂದ ಮುಂದೆ ದೊರೆಗಳು ಹೋದರು, ಕಂಪನಿ ಹೋಯಿತು, ಸ್ವರಾಜ್ಯ ಬಂತು, ಗಂಧ ಮಾತ್ರ ಸರ್ಕಾರದ್ದೇ ಆಗಿ ಉಳಿಯಿತು. ರೈತನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧವೂ ರೈತನದಾಗಿರಲಿಲ್ಲ. 2001ರಲ್ಲಿ ಅರಣ್ಯ ಕಾಯಿದೆಯನ್ನು ತಿದ್ದಿದ ಮೇಲೆ ಜಮೀನಿನ ಒಡೆಯನಿಗೆ ಆ ಹಕ್ಕು ಬಂತು. ಅಷ್ಟರಲ್ಲಿ ಕಾಡಿನ ಗಂಧ ಕಳ್ಳರ ಪಾಲಾಗಿ ಮುಗಿಯುತ್ತ ಬಂದಿತ್ತು. ಇಂದು ಒಳ್ಳೆಯ ಗಂಧ ಕಿಲೋಗೆ ಸಾವಿರಾರು ರೂಪಾಯಿ. ಅಂಥ ಮರದ ಮೇಲೆ ‘ಮಗು, ನಿನಗೆ ತೋಚಿದ್ದು ಮಾಡಿ ನೋಡು’ ಎಂದು ಯಾವ ತಂದೆ ಹೇಳಿಯಾನು? ಒಂದು ಉಳಿಯ ಪೆಟ್ಟು ತಪ್ಪಿದರೆ ಮನೆಯ ತಿಂಗಳ ಅಕ್ಕಿ ಹೋಯಿತು. ಆದ್ದರಿಂದ ಗೊತ್ತಿರುವ ಆನೆ, ಮಾರಾಟವಾಗುವ ಆನೆ. ಇದು ಕಲೆಯ ಬಡತನವೋ, ಕಲಾವಿದನ ಬಡತನವೋ ಎಂಬುದನ್ನು ಮೂಗು ಮುರಿಯುವವರು ಮೊದಲು ತೀರ್ಮಾನಿಸಲಿ. ಬೇರೆ ಅಗ್ಗದ ಮರಗಳಲ್ಲಿಯೂ ಗುಡಿಗಾರರು ಕೆತ್ತುತ್ತಾರೆ. ಕಲಿಯುವ ಹುಡುಗರಿಗೆ ಅಂಥ ಮರವನ್ನು ಅರಣ್ಯ ಇಲಾಖೆಯ ಡಿಪೋಗಳಿಂದ ಧಾರಾಳವಾಗಿ, ಕೆಡಿಸುವುದಕ್ಕೆಂದೇ, ಕೊಡಬೇಕು. ಇದು ನಮ್ಮ ಒಂದು ಬೇಡಿಕೆ.

ಇನ್ನೊಂದು, ಕಲಿಯುವ ಬಾಗಿಲು. ಚಾವಣ ಕಲಿತದ್ದು ತಂದೆಯಿಂದ, ಸರಿ. ದಾಸೋಜನ ನೆರೆಮನೆಯ ಬೇಸಾಯಗಾರನ ಮಗಳಿಗೆ ಕೈ ಚುರುಕಾಗಿದ್ದರೆ ಅವಳು ಎಲ್ಲಿ ಕಲಿಯಬೇಕಾಗಿತ್ತು? ಮೂವತ್ತೆಂಟು ಹೆಂಗಸರನ್ನು ಕಲ್ಲಿನಲ್ಲಿ ಮಾಡಿದ ಊರಿನಲ್ಲಿ ಉಳಿ ಹಿಡಿದ ಹೆಂಗಸಿನ ಒಂದು ರುಜುವೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ದಾಸೋಜನನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡತಕ್ಕದ್ದಲ್ಲ. ಏಕಲವ್ಯನ ಕಥೆಯಲ್ಲಿ ಬೆರಳು ಹೋದದ್ದು ಕೊನೆಯಲ್ಲಿ; ಬಾಗಿಲು ಮುಚ್ಚಿದ್ದು ಮೊದಲಲ್ಲಿಯೇ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಪತ್ರಿಕೆಗಳಲ್ಲಿ ಮಂತ್ರಿಗಳ ಭಾವಚಿತ್ರ ಬಂತು. ಸಂತೋಷ. ಕಲ್ಲಿಗೆ ಸಿಕ್ಕ ಮಾನ ಕಲ್ಲು ಕೆತ್ತಿದವರ ಊರಿಗೆ ಎಷ್ಟು ಬಂತೆಂದು ಬಳ್ಳಿಗಾವಿಯ ಬಸ್ಸಿಗೆ ಕಾಯುವವರನ್ನು ಕೇಳಬೇಕು. ಶಿಕಾರಿಪುರದಿಂದ 20 ಕಿಲೋಮೀಟರಿನ ಆಸುಪಾಸು. ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಹೋಗಿ ಬನ್ನಿ, ಕಂಬಗಳನ್ನು ಮುಟ್ಟಿಸಿ. ಆಮೇಲೆ ಯಾವಾಗಲಾದರೂ ಬೇಲೂರಿಗೆ ಹೋದಾಗ ಮದನಿಕೆಯರ ಮುಖವನ್ನೇ ನೋಡುತ್ತ ನಿಲ್ಲದೆ ಅವರ ಕಾಲಡಿಯನ್ನೂ ನೋಡಿ. ಅಕ್ಷರ ಹಳೆಯದು, ಎತ್ತರದಲ್ಲಿದೆ, ಕತ್ತು ನೋಯುತ್ತದೆ. ಓದಬಲ್ಲವರೊಬ್ಬರನ್ನು ಜತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ವರ್ತಕ ಮಿತ್ರರಲ್ಲಿ ಒಂದು ಕೇಳಿಕೆ. ಗುಡಿಗಾರರ ಕೆಲಸವನ್ನು ನಿಮ್ಮಲ್ಲಿ ಕೆಲವರು ಅಂಗಡಿಯಲ್ಲಿಟ್ಟು ಮಾರುತ್ತೀರಿ. ಗಾಜಿನ ಬೀರುವಿನಲ್ಲಿ ಆನೆ ಇರುತ್ತದೆ, ಆನೆಯ ಕೊರಳಿಗೆ ಬೆಲೆಯ ಚೀಟಿ ಇರುತ್ತದೆ. ಬೆಲೆ ಬರೆದ ಚೀಟಿಯ ಹಿಂಬದಿ ಖಾಲಿ ಇದೆ. ಅಲ್ಲಿ ಊರು, ಕಲಿಸಿದವನ ಹೆಸರು, ಮಾಡಿದವನ ಹೆಸರು, ಇದೇ ಕ್ರಮದಲ್ಲಿ ಬರೆಯಿರಿ. ಮಾಡಿದವನನ್ನು ಕೇಳಿಯೇ ಬರೆಯಿರಿ. ಮುಂದಿನ ವಾರದಿಂದಲೇ ಶುರು ಮಾಡಬಹುದು. ಚೀಟಿಗಳನ್ನು ನಾವು ಅಚ್ಚು ಹಾಕಿಸಿ ತಂದುಕೊಡುತ್ತೇವೆ.